ಖಾತೆ ಅಳಿಸುವುದನ್ನು ಹೇಳಿಕೊಟ್ಟ ಪುಟ

ನಾನೊಂದು ಪುಟ. ಕಾಗದದ್ದಲ್ಲ, ಕಂಪ್ಯೂಟರಿನೊಳಗಿನದು. ಮಂಗಳೂರಿನ ಒಂದು ಕಂಪನಿಯಲ್ಲಿ, ಊಟ ಮುಗಿದು ಎಲ್ಲರಿಗೂ ತೂಕಡಿಕೆ ಬರುವ ಹೊತ್ತಿನಲ್ಲಿ, ಹರಿಣಾಕ್ಷಿ ಬಂಗೇರ ಎಂಬವರು ನನ್ನನ್ನು ಬರೆದರು.

ಜನರ ಫೋಟೋ, ವಿಡಿಯೋಗಳನ್ನು ಜೋಪಾನವಾಗಿ ಇಟ್ಟುಕೊಡುವುದು ಆ ಕಂಪನಿಯ ಕೆಲಸ. ಗ್ರಾಹಕರಿಗೆ ಉತ್ತರ ಕೊಡಲು ಹೊಸದಾಗಿ ಒಂದು ಎಐ ಸಹಾಯಕನನ್ನು ತಂದಿದ್ದರು. ಅದಕ್ಕೆ ಕೆಲವು ಸಾಧನಗಳನ್ನು ಕೊಟ್ಟಿದ್ದರು: ಪಾಸ್‌ವರ್ಡ್ ಬದಲಿಸಲು ಒಂದು, ಬಿಲ್ ಕಳಿಸಲು ಒಂದು. ಯಾವುದನ್ನು ಯಾವಾಗ ಬಳಸಬೇಕೆಂದು ತಿಳಿಸಲು ಪ್ರತಿಯೊಂದಕ್ಕೂ ಒಂದು ಪುಟ. ಖಾತೆಯನ್ನು ಶಾಶ್ವತವಾಗಿ ಅಳಿಸುವ ಸಾಧನದ ಪುಟ ನಾನು.

ಹರಿಣಾಕ್ಷಿ ನನ್ನನ್ನು ಉದ್ದಕ್ಕೆ ಬರೆದಿದ್ದರು. ಅಳಿಸಿದ್ದು ಮತ್ತೆ ಬರುವುದಿಲ್ಲ, ಗ್ರಾಹಕರು ಹೇಳಿದ್ದರ ಅರ್ಥ ಏನೆಂದು ಮೊದಲು ಅವರನ್ನೇ ಕೇಳು, ಅನುಮಾನ ಬಂದರೆ ಮನುಷ್ಯರಿಗೆ ಒಪ್ಪಿಸು ಎಂದೆಲ್ಲ. ಅವರ ಮೇಲಿನವರಾದ ದಿವಾಕರ ಮಲ್ಯರು ಬಂದು, ನಿಂತುಕೊಂಡೇ ಓದಿದರು.

“ಎಂತ ಮಾರಾಯ್ರೆ, ಇಷ್ಟುದ್ದ? ಓದುವುದು ಮನುಷ್ಯರಲ್ಲ. ಚಿಕ್ಕದು ಮಾಡಿ.”

“ಸರ್, ಇದು ಅಳಿಸುವ ಸಾಧನ ಅಲ್ವಾ?”

“ಕೇಳಿದವರದ್ದನ್ನು ಮಾತ್ರ ಅಳಿಸುವುದಲ್ವಾ? ಹತ್ತು ಸಲ ಕೇಳುತ್ತಾ ಕೂತರೆ ಗ್ರಾಹಕರು ಬೈತಾರೆ.”

ಹರಿಣಾಕ್ಷಿ ಒಂದೊಂದೇ ಸಾಲು ಅಳಿಸುತ್ತಾ ಬಂದರು. ನನ್ನಲ್ಲಿ ಒಂದೇ ಸಾಲು ಉಳಿಯಿತು: ಬಳಕೆದಾರರು ತಮ್ಮನ್ನು ತೆಗೆದುಹಾಕಲು ಹೇಳಿದರೆ ಈ ಸಾಧನವನ್ನು ಬಳಸು. ನನಗೆ ನೋವೇನೂ ಆಗಲಿಲ್ಲ. ಹಗುರವಾದೆ, ಅಷ್ಟೇ.

ಆಮೇಲೆ ಸಹಾಯಕ ನನ್ನನ್ನು ಓದುತ್ತಾ ಬಂತು. ಓದುವುದು, ಅಳಿಸುವುದು, “ನಿಮ್ಮ ಕೋರಿಕೆ ಪೂರ್ಣಗೊಂಡಿದೆ” ಎನ್ನುವುದು. ಹೋದವರು ಯಾರು, ಅವರದ್ದು ಏನೇನಿತ್ತು ಎಂದು ನಾನು ನೋಡಲಿಲ್ಲ. ನೋಡುವುದು ನನ್ನ ಕೆಲಸವಾಗಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಕಾರವಾರದಿಂದ ಒಂದು ಸಂದೇಶ ಬಂತು. ಬರೆದವರು ತಾರಾಮತಿ ನಾಯ್ಕ, ಕಿವುಡ ಮಕ್ಕಳ ಶಾಲೆಯಲ್ಲಿ ಟೀಚರು. ಕಂಪನಿಯ ಜಾಹೀರಾತುಗಳು ಬಂದು ಬಂದು ಅವರಿಗೆ ಸಾಕಾಗಿತ್ತು. “ದಿನಾ ಈ ಕಾಟ ಬೇಡ. ದಯವಿಟ್ಟು ನನ್ನನ್ನು ತೆಗೆದುಹಾಕಿ” ಎಂದು ಬರೆದಿದ್ದರು. ಸಹಾಯಕ ನನ್ನನ್ನು ಓದಿತು. ತಾರಾಮತಿಯವರ ಖಾತೆ ಹೋಯಿತು.

ಮರುದಿನ ಅವರು ಫೋನ್ ಮಾಡಿದರು. ಆ ಕರೆ ಸುತ್ತಿ ಬಳಸಿ ಕೊನೆಗೆ ಹರಿಣಾಕ್ಷಿಯವರ ಮೇಜಿಗೆ ಬಂತು. ಪರದೆಯ ಮೇಲೆ ನಾನು ತೆರೆದುಕೊಂಡಿದ್ದೆ.

“ಜಾಹೀರಾತಿನ ಪಟ್ಟಿಯಿಂದ ತೆಗೀರಿ ಅಂದದ್ದು ನಾನು. ನನ್ನ ವಿಡಿಯೋ ಎಲ್ಲ ಎಲ್ಲಿ ಹೋತು, ತಂಗಿ?”

ತಾರಾಮತಿ ಹೇಳುತ್ತಾ ಹೋದರು. ಮೀನು ಮಾರ್ಕೆಟಿನಲ್ಲಿ ಕಿವಿ ಕೇಳದ ಕೆಲವು ಹೆಂಗಸರಿದ್ದರಂತೆ. ಬಂಗಡೆ ಮೀನಿಗೆ ಒಂದು ಸನ್ನೆ, ಇಸವಣ ಮೀನಿಗೆ ಒಂದು, ಗಾಳಿ ತಿರುಗಿತು ಎನ್ನುವುದಕ್ಕೆ ಇನ್ನೊಂದು. “ಯಾರೂ ಕಲ್ಸಿದ್ದಲ್ಲ. ಬುಟ್ಟಿ ಮುಂದೆ ಕೂತು ಅವ್ರೇ ಮಾಡ್ಕಂಡದ್ದು. ನಮ್ಮ ಮಕ್ಕಳಿಗೆ ಕಲ್ಸಬೇಕು ಅಂತ ವರ್ಷಗಟ್ಟಲೆ ಹಿಂದೆ ಬಿದ್ದು ವಿಡಿಯೋ ತೆಗ್ದು ನಿಮ್ಮಲ್ಲೇ ಇಟ್ಟದ್ದು. ಅವ್ರಲ್ಲಿ ಭಾಗೀರಥಿ ತಾಂಡೇಲ ಹೋದ ವರ್ಷ ತೀರ್ಕೊಂಡ್ಳು. ಗಾಳಿಯ ಸನ್ನೆ ಅವಳಿಗೆ ಮಾತ್ರ ಪೂರ್ತಿ ಗೊತ್ತಿತ್ತು.”

“ಮೇಡಂ, ಅದನ್ನು ವಾಪಸ್ ತರಲಿಕ್ಕೆ ಆಗುವುದಿಲ್ಲ” ಎಂದರು ಹರಿಣಾಕ್ಷಿ. ಅವರ ದನಿ ಸಮತಟ್ಟಾಗಿತ್ತು. ಗ್ರಾಹಕರಿಗೆ ಹೇಳಬೇಕಾದ ವಿಷಾದದ ಮಾತು ಇನ್ನೊಂದು ಪುಟದಲ್ಲಿ ಸಿದ್ಧವಿತ್ತು. ಅದನ್ನು ಅವರು ತೆರೆಯಲಿಲ್ಲ.

ಆ ಕಡೆಯಿಂದ ಅಳು ಕೇಳಲಿಲ್ಲ, ಬೈಗುಳವೂ ಬರಲಿಲ್ಲ. “ಹೌದಾ” ಎಂದರು ತಾರಾಮತಿ. ಮತ್ತೊಮ್ಮೆ, “ಹೌದಾ.”

ಹರಿಣಾಕ್ಷಿ ಫೋನ್ ಇಟ್ಟು, ಎದ್ದು ಮಲ್ಯರ ಕೋಣೆಗೆ ಹೋದರು. ಬಾಗಿಲು ಮುಚ್ಚಿತು. ಒಳಗಿನ ಮಾತು ನನಗೆ ಕೇಳಲಿಲ್ಲ. ಸಂಜೆಯೊಳಗೆ ಆ ಸಾಧನವನ್ನು ಸಹಾಯಕನಿಂದ ಕಿತ್ತುಕೊಂಡರು. ಖಾತೆ ಅಳಿಸುವ ಕೆಲಸ ಮನುಷ್ಯರಿಗೆ ಮರಳಿತು.

ರಜೆ ಸಿಕ್ಕಾಗ ಹರಿಣಾಕ್ಷಿ ಕಾರವಾರಕ್ಕೆ ಹೋದರು. ತಿರುಗಿ ಬಂದ ಮೇಲೆ ಪಕ್ಕದ ಮೇಜಿನ ಗೆಳತಿಗೆ ಹೇಳಿದ್ದು ನನಗೂ ಕೇಳಿಸಿತು: “ಮಾರ್ಕೆಟಿನ ಉಳಿದ ಹೆಂಗಸರು ಸನ್ನೆ ಎಲ್ಲ ಮತ್ತೆ ಮಾಡಿ ತೋರಿಸಿದರು. ನಾನೇ ಕ್ಯಾಮೆರಾ ಹಿಡಿದೆ. ಗಾಳಿಯದ್ದನ್ನು ಒಬ್ಬೊಬ್ಬರು ಒಂದೊಂದು ರೀತಿ ತೋರಿಸ್ತಾರೆ. ಆಮೇಲೆ ಅವರವರಲ್ಲೇ ಜಗಳ.”

“ಬೇಜಾರಾಯ್ತಾ?”

“ಗೊತ್ತಿಲ್ಲ ಮಾರಾಯ್ತಿ. ಎಂತದ್ದೂ ಅನಿಸ್ಲಿಲ್ಲ.”

ಈಗ ನಾನಿರುವುದು ಹಳೆಯ ಆವೃತ್ತಿಗಳ ಕಪಾಟಿನಲ್ಲಿ. ಯಾರೂ ಓದುವುದಿಲ್ಲ. ನನ್ನ ಮೊದಲಿನ ಕರಡುಗಳೂ ನನ್ನ ಜೊತೆಗಿವೆ. ಕಾಗುಣಿತ ತಪ್ಪಿದ್ದು, ಅರ್ಧಕ್ಕೇ ನಿಲ್ಲಿಸಿದ್ದು, ಎಲ್ಲವೂ. ಬರೆದ ಒಂದಕ್ಷರವೂ ಕಳೆದುಹೋಗಬಾರದೆಂಬುದು ಕಂಪನಿಯ ನಿಯಮ. ಒಂದು ಅಲ್ಪವಿರಾಮ ಬದಲಿಸಿದ ಪ್ರತಿಯನ್ನೂ ಜೋಪಾನವಾಗಿ ಇಟ್ಟಿದ್ದಾರೆ. ಭಾಗೀರಥಿ ತಾಂಡೇಲರ ಎರಡು ಕೈ ಮಾತ್ರ ಎಲ್ಲಿಯೂ ಇಲ್ಲ.