ಹಲೋ, ಸೊರಬ

ಎಸ್‌ಟಿಡಿ ಬೂತಿನ ಜ್ಯೋತಿಲಕ್ಷ್ಮಿ ಹೊಸ ಕ್ಯಾಸೆಟ್ಟನ್ನು ಬಿಚ್ಚಿ, ಒಳಗಿನ ಟೇಪನ್ನೆಲ್ಲ ಎಳೆದು, ಸೋದರಮಾವನ ಗದ್ದೆಗೆ ಅಡ್ಡಡ್ಡ ಕಟ್ಟಿ ಬಂದಳು. ತೆನೆ ಬಲಿತ ಗದ್ದೆಯ ಮೇಲೆ ಅದು ಬಿಸಿಲಿಗೆ ಮಿಂಚುತ್ತ, ಗಾಳಿಗೆ ಬರ್ರೆನ್ನುತ್ತ ಇತ್ತು.

“ಗುಬ್ಬಿ ಓಡ್ಸಕ್ಕಾದ್ರೂ ಬರ್ಲಿ ಅಕ್ಕೋರೇ, ಅವ್ರ ಹಾಡು” ಎಂದಳು.

ಹೈಸ್ಕೂಲಿನಲ್ಲಿ ನಾನು ಅವಳಿಗೆ ಸಮಾಜ ವಿಜ್ಞಾನ ಹೇಳಿಕೊಟ್ಟವಳು. ನಮ್ಮ ಮನೆ ಅವಳ ಬೂತಿನ ಎದುರಿಗೇ ಇದೆ. ದೂರದ ಮಗನ ಜೊತೆ ಮಾತಾಡಿ ಕಣ್ಣೊರೆಸಿಕೊಂಡು ಹೊರಬರುವ ತಾಯಂದಿರಿಗೆ ಒಂದು ಲೋಟ ನೀರು ಕೊಟ್ಟು ಸುಮ್ಮನೆ ಕೂರಿಸುವ ಹುಡುಗಿ ಅವಳು. ಅಂಥವಳಿಗೆ ಇಷ್ಟೊಂದು ಸಿಟ್ಟು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಹೇಳಬಹುದು. ಅವಳ ದನಿಯನ್ನು ಕಿತ್ತುಹಾಕಿದ್ದರು.

ಶಿಕಾರಿಪುರದ ‘ತರಂಗ’ ಎಂಬ ತಂಡದಲ್ಲಿ ಮೊದಲು ಇದ್ದವರು ಇಬ್ಬರೇ. ತಬಲಾ ಇಲ್ಲ, ಹಾಡುವವರಿಲ್ಲ. ಅಫ್ಜಲ್ ಕೀಬೋರ್ಡ್ ನುಡಿಸುತ್ತಿದ್ದ. ಸಂಗಮೇಶ್ ತಾಳದ ಯಂತ್ರ ನೋಡಿಕೊಂಡು ಮೈಕಿನಲ್ಲಿ ಮಾತಾಡುತ್ತಿದ್ದ. ಅಫ್ಜಲನ ಕೀಬೋರ್ಡು ಅವನ ಚಿಕ್ಕಪ್ಪ ದುಬೈಯಿಂದ ತಂದದ್ದು. ಯಾವ ಸದ್ದನ್ನಾದರೂ ಹಿಡಿದುಕೊಂಡು ಅದನ್ನೇ ಸ್ವರವಾಗಿ ನುಡಿಯುತ್ತಿತ್ತು. ಅಕ್ಕಿ ಗಿರಣಿಯ ದಡದಡ, ಬಸ್ಸಿನ ಹಾರ್ನು, ಕೆರೆಯ ಕಪ್ಪೆ, ಎಲ್ಲವೂ ಅದರಲ್ಲಿ ರಾಗವಾಗುತ್ತಿದ್ದವು. ಒಮ್ಮೆ ಸೊರಬಕ್ಕೆ ಬಂದಿದ್ದ ಅಫ್ಜಲ್ ಮನೆಗೆ ಫೋನು ಮಾಡಲು ಬೂತಿನಲ್ಲಿ ಕಾಯುತ್ತಿದ್ದಾಗ ಫೋನು ಬಂತು. ಜ್ಯೋತಿ ಎತ್ತಿಕೊಂಡು ಎಂದಿನ ಹಾಗೆ “ಹಲೋ, ಸೊರಬ” ಎಂದಳು. ಆ ಕೊನೆಯ ಅಕ್ಷರ ಅವಳ ಬಾಯಲ್ಲಿ ಚೂರು ಮೇಲಕ್ಕೆ ಹೋಗಿ ನಿಲ್ಲುತ್ತದೆ, ಯಾರನ್ನೋ ಒಳಗೆ ಕರೆದ ಹಾಗೆ.

“ಇನ್ನೊಂದ್ಸಲ ಅನ್ರೀ” ಎಂದು ಅಫ್ಜಲ್ ಅದನ್ನು ಟೇಪ್‌ರೆಕಾರ್ಡರಿಗೆ ಹಿಡಿದುಕೊಂಡು ಹೋದ.

ಆ ದನಿಯಿಂದ ಶುರುವಾಗುವ ‘ಹಲೋ ಸೊರಬ’ ಎಂಬ ವಾದ್ಯಸಂಗೀತದ ಕ್ಯಾಸೆಟ್ಟು ಎರಡು ತಾಲ್ಲೂಕುಗಳಲ್ಲಿ ಕೈಯಿಂದ ಕೈಗೆ ಹರಡಿತು. ಹೋಟೆಲಿನಲ್ಲಿ, ಟ್ರ್ಯಾಕ್ಟರಿನಲ್ಲಿ ಎಲ್ಲೆಲ್ಲೂ ಅದೇ. ಬೂತಿಗೆ ಬಂದವರು “ನೀವೇ ಏನ್ರೀ ಅದು?” ಎಂದು ಕೇಳಿದರೆ ಜ್ಯೋತಿ ತಲೆ ಬಗ್ಗಿಸಿ ಮೀಟರು ನೋಡುತ್ತಿದ್ದಳು. ಆದರೆ ಕೇಳದೆ ಹೋದವರಿಗೆ ಚಿಲ್ಲರೆ ಕೊಡುವುದು ತಡವಾಗುತ್ತಿತ್ತು.

ತೊಂಬತ್ತಾರರ ದಸರೆಯ ಹೊತ್ತಿಗೆ ‘ತರಂಗ’ದ ಹೊಸ ಕ್ಯಾಸೆಟ್ ಬಂತು. ಶಿವಮೊಗ್ಗದ ಒಬ್ಬ ಉದ್ದಕೂದಲಿನ ಹುಡುಗನ ಗಿಟಾರು, ಇನ್ನೊಬ್ಬನ ಡ್ರಮ್ಮು, ಸಂಗಮೇಶನದೇ ಹಾಡುಗಾರಿಕೆ. ಅದೇ ರಾಗ ಇತ್ತು, ಆದರೆ ಜ್ಯೋತಿಯ ದನಿ ಇರಲಿಲ್ಲ. ಆ ಜಾಗದಲ್ಲಿ ಸಂಗಮೇಶ್ “ಹಲೋ ಶಿವಮೊಗ್ಗಾ!” ಎಂದು ಕಿರುಚಿದ್ದ.

ಅಭಿಮಾನಿಗಳು ಇಬ್ಭಾಗವಾದರು. ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಕೀಬೋರ್ಡಿನವರು ಕೂತ ಬೆಂಚಿಗೆ ಗಿಟಾರಿನವರು ಕೂರುತ್ತಿರಲಿಲ್ಲ. ಶಿಕಾರಿಪುರದ ಅಡಿಕೆ ಮಂಡಿ ಹುಡುಗರೆಲ್ಲ ಗಿಟಾರಿನ ಕಡೆ ಎಂದು ಸುದ್ದಿ ಬಂದ ಮೇಲೆ ಸೊರಬದವರ ಹಟ ಇನ್ನೂ ಹೆಚ್ಚಾಯಿತು. ಜ್ಯೋತಿಯ ಮನೆಯೊಳಗೇ ಬಿರುಕು ಬಿತ್ತು. ಅವಳ ತಮ್ಮ ಸಿದ್ಧಲಿಂಗೇಶ್ ಕೂದಲು ಬಿಟ್ಟ. ಪೊರಕೆಯನ್ನೇ ಗಿಟಾರು ಮಾಡಿಕೊಂಡು ಬೂತಿನ ಮುಂದೆ ಕುಣಿದ.

“ಅಕ್ಕಾ, ನಿನ್ ಕಾಲ ಮುಗೀತು. ಈಗೆಂತಿದ್ರೂ ಹಲೋ ಶಿವಮೊಗ್ಗ!”

“ಮಲಗಿದ್ದಾಗ ಆ ಜುಟ್ಟು ಕತ್ರಿಸ್ದೆ ಇದ್ರೆ ಕೇಳು” ಎಂದಳು. ನಗಲಿಲ್ಲ.

ನನಗೆ ಆ ಗಿಟಾರೂ ಹಿತವಾಗಿಯೇ ಕೇಳಿಸಿತ್ತು. ಆದರೆ ಎದುರು ಮನೆಯವಳ ಮುಖ ನೋಡಿ ಯಾರಿಗೆ ತಾನೇ ಹಾಗೆ ಹೇಳಲಾದೀತು?

“ಎಲ್ಲಾ ಆ ಸಂಗಮೇಶನ ಕಿತಾಪತಿ ಅಕ್ಕೋರೇ. ಹೆಸ್ರು ಬೇಕು ಅವ್ನಿಗೆ. ಅಫ್ಜಲ್ ಪಾಪ, ಕೈ ಕಟ್ಟಿ ಕೂರ್ಸಿದಾರೆ. ರಾಜ್ಯೋತ್ಸವಕ್ಕೆ ಇಲ್ಲಿಗೇ ಬರ್ತಾರಲ್ಲ, ಊರ ಮುಂದೆ ಅವ್ನ ಮಾನ ಕಳೀತೀನಿ.”

“ಬೇಡ ಮಾರಾಯ್ತಿ. ಕರೆಸಿದ ಅತಿಥಿಗಳು.”

“ನಾನೇನು ಕಲ್ಲು ಹೊಡಿಯಲ್ಲ. ಚೀಟಿ ಕಳಿಸ್ತೀನಿ, ಅಷ್ಟೇ.”

ನಮ್ಮ ಕಡೆ ಆರ್ಕೆಸ್ಟ್ರಾ ನಡೆದರೆ ಜನ ತಮಗೆ ಬೇಕಾದ ಹಾಡಿನ ಹೆಸರು ಬರೆದು ವೇದಿಕೆಗೆ ಚೀಟಿ ಕಳಿಸುತ್ತಾರೆ. ಮೈಕು ಹಿಡಿದವನು ಕಳಿಸಿದವರ ಹೆಸರು, ಊರು ಸಮೇತ ಅದನ್ನು ಓದಬೇಕು. ಓದದೆ ಮಡಚಿಟ್ಟರೆ ಅದು ಆ ಊರಿಗೇ ಮಾಡಿದ ಅವಮಾನ. ಹಾಗೆ ಮಡಚಿಟ್ಟ ತಂಡವನ್ನು ಮರುವರ್ಷ ಯಾರೂ ಕರೆಯುವುದಿಲ್ಲ.

ಹೊಲಿಗೆ ತರಗತಿಯ ಹುಡುಗಿಯರನ್ನು ಕೂರಿಸಿಕೊಂಡು ಜ್ಯೋತಿ ಒಂದು ವಾರ ಚೀಟಿ ಬರೆಸಿದಳು.

ರಾಜ್ಯೋತ್ಸವದ ಸಂಜೆ ಮೈದಾನ ತುಂಬಿತ್ತು. ಮೊದಲ ಹಾಡು ಮುಗಿಯಿತು. ಸಿದ್ಧಲಿಂಗೇಶ್ ಕುಣಿದು ಬೆವತಿದ್ದ. ಸಂಗಮೇಶ್ ಚೀಟಿಗಳ ಬುಟ್ಟಿ ತರಿಸಿಕೊಂಡು, ನಗುತ್ತಲೇ ಮೊದಲನೆಯದನ್ನು ಬಿಡಿಸಿದ.

“ಆನವಟ್ಟಿ ಹನುಮಮ್ಮ ಅವರು ಕೇಳ್ಯಾರ, ಹಳೇ ‘ಹಲೋ ಸೊರಬ’. ಬರೀ ಅಫ್ಜಲ್ ನುಡಿಸಬೇಕಂತ. ಗಿಟಾರ್ ಬೇಡಂತ!”

ಜನ ನಕ್ಕರು. ಎರಡನೆಯದೂ ಅದೇ, ಮೂರನೆಯದೂ ಅದೇ. “ನಿವೃತ್ತ ಶಿಕ್ಷಕಿ ಶಕುಂತಲಮ್ಮ ಅವರು, ಗಿಟಾರ್ ಬೇಡ” ಎಂದು, ನಾನು ಬರೆಯದ ಚೀಟಿಯಲ್ಲಿ ನನ್ನ ಹೆಸರೂ ಬಂತು. ನಾನು ಬೆಚ್ಚಿ ಜ್ಯೋತಿಯ ಕಡೆ ನೋಡಿದೆ. ಅವಳು ವೇದಿಕೆಯಿಂದ ಕಣ್ಣು ತೆಗೆಯಲಿಲ್ಲ.

ಒಂದೊಂದು ಚೀಟಿಗೂ ಸಂಗಮೇಶನ ದನಿ ಒಣಗುತ್ತ ಹೋಯಿತು. ಈಗ ಜನ ಅವನಿಗಿಂತ ಮೊದಲೇ “ಗಿಟಾರ್ ಬೇಡ!” ಎಂದು ಕೂಗುತ್ತಿದ್ದರು. ಉದ್ದಕೂದಲಿನ ಹುಡುಗ ಗಿಟಾರನ್ನು ಎದೆಗೆ ಅಪ್ಪಿಕೊಂಡು ಎಲ್ಲಿ ನೋಡಬೇಕೆಂದು ತಿಳಿಯದೆ ನಿಂತಿದ್ದ. ಸಂಗಮೇಶ್ ಓದುತ್ತಲೇ ಕಾಲಿನಿಂದ ಒಂದು ಕುರ್ಚಿಯನ್ನು ಅವನ ಕಡೆಗೆ ಸರಿಸಿ, ಕೂತುಕೋ ಎಂದು ಸನ್ನೆ ಮಾಡಿದ. ಅದನ್ನು ಎಷ್ಟು ಜನ ಗಮನಿಸಿದರೋ ಗೊತ್ತಿಲ್ಲ.

ಕೊನೆಯ ಚೀಟಿ ಜ್ಯೋತಿಯದೇ ಕೈಬರಹ. ಅವನು ಒಮ್ಮೆ ಮನಸ್ಸಿನಲ್ಲೇ ಓದಿಕೊಂಡು, ಆಮೇಲೆ ಗಟ್ಟಿಯಾಗಿ ಓದಿದ.

“‘ಅಫ್ಜಲ್ ಅವರ ಕೈ ಕಟ್ಟಿದವರು ಯಾರು? ಸೊರಬದ ದನಿ ಕಿತ್ತುಹಾಕಿ ಶಿವಮೊಗ್ಗಕ್ಕೆ ಮಾರಿಕೊಂಡವರು ಯಾರು? ಇಲ್ಲೇ ಹೇಳಬೇಕು. ಜ್ಯೋತಿಲಕ್ಷ್ಮಿ, ಎಸ್‌ಟಿಡಿ ಬೂತ್.’”

ಜ್ಯೋತಿ ಎದ್ದು ನಿಂತಳು, ತಾನೇ ಎಂದು ಅವನಿಗೆ ತಿಳಿಯಲೆಂದು.

ಸಂಗಮೇಶ್ ಚೀಟಿ ಮಡಚಿ ಜೇಬಿಗೆ ಹಾಕಿಕೊಂಡ. “ನಾನೇ ರೀ” ಎಂದ. “ತಪ್ಪಾತು.”

ಕೀಬೋರ್ಡಿನ ಕಡೆಯವರು ಸಿಳ್ಳೆ ಹೊಡೆದರು. ಜ್ಯೋತಿಯ ಮುಖದಲ್ಲಿ ಅಂದು ಕಂಡ ತೃಪ್ತಿಯನ್ನು ನಾನು ಅವಳಲ್ಲಿ ಅದಕ್ಕೆ ಮೊದಲು ಕಂಡಿರಲಿಲ್ಲ. ಕಾಣದಿದ್ದರೇ ಚೆನ್ನಾಗಿತ್ತು.

ಆಗ ಅಫ್ಜಲ್ ಕೀಬೋರ್ಡಿನ ಹಿಂದಿನಿಂದ ಬಂದು ಮೈಕು ಕಿತ್ತುಕೊಂಡ.

“ಇವ್ನಿಗ್ಯಾಕ್ರೀ ಬೈತೀರಿ? ಗಿಟಾರ್ ತಂದಿದ್ದು ನಾನು. ಆ ಹುಡುಗನ್ನ ಶಿವಮೊಗ್ಗದಾಗೆ ಹುಡುಕಿದ್ದು ನಾನು. ಕಪ್ಪೆ, ಗಿರಣಿ ನುಡ್ಸಿ ನುಡ್ಸಿ ನಂಗೆ ಬ್ಯಾಸರಾಗಿತ್ತು. ಸಂಗಮೇಶ್ ಬ್ಯಾಡ ಅಂದ. ಆ ದನಿ ಆದ್ರೂ ಇರ್ಲಿ ಅಂತ ಬಡ್ಕಂಡ. ಗಿಟಾರ್ ಮುಂದೆ ಅದು ತೆಳ್ಳಗೆ ಕೇಳ್ತಿತ್ತು, ನಾನೇ ತೆಗೆದೆ.”

“ಸಾಕು ಬಾರೋ” ಎಂದು ಸಂಗಮೇಶ್ ಅವನ ತೋಳು ಹಿಡಿದ.

“ಬಿಡೋ. ನನ್ ಕೆಲಸಕ್ಕೆ ನೀನ್ ಯಾಕೆ ಬೈಸ್ಕಂತಿ?”

ಅಫ್ಜಲ್ ಹಿಂದೆ ತಿರುಗಿ ಕೈ ಎತ್ತಿದ. ಡ್ರಮ್ಮಿಗೆ ಪೆಟ್ಟು ಬಿತ್ತು, ಗಿಟಾರು ಮೊಳಗಿತು. ಮೊದಲು ಸಿದ್ಧಲಿಂಗೇಶ್, ಆಮೇಲೆ ಶಿಕಾರಿಪುರದಿಂದ ಬಂದಿದ್ದ ಮಂಡಿ ಹುಡುಗರು, ಕೊನೆಗೆ ಆಗಷ್ಟೇ “ಬೇಡ” ಎಂದು ಕೂಗಿದ್ದವರೂ ಚಪ್ಪಾಳೆ ತಟ್ಟಿದರು. ಹೊಲಿಗೆ ತರಗತಿಯ ಹುಡುಗಿಯರ ಕಾಲುಗಳು ಕೂಡ ತಾಳ ಹಾಕುತ್ತಿದ್ದವು. ಜ್ಯೋತಿ ಕೂತಳು. ಎದ್ದು ಹೋಗಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ಕಾರ್ಯಕ್ರಮ ಮುಗಿಯುವವರೆಗೂ ಅವಳ ಕಣ್ಣು ಅಫ್ಜಲನ ಮೇಲೆಯೇ ಇತ್ತು.

ಮರುದಿನ ಬೆಳಗ್ಗೆ ಶಿಕಾರಿಪುರದ ಬಸ್ಸಿಗೆ ಕಾಯುತ್ತ ಸಂಗಮೇಶ್, ಅಫ್ಜಲ್ ಇಬ್ಬರೂ ಬೂತಿಗೆ ಬಂದರು. ಏನಾಗುವುದೋ ಎಂದು ನಾನೂ ರಸ್ತೆ ದಾಟಿ ಬಂದು ಬಾಗಿಲ ಬಳಿ ನಿಂತೆ.

ಸಂಗಮೇಶ್ ಹೆದರಿಕೊಂಡೇ “ಮನಿಗೆ ಒಂದ್ ಫೋನ್ ಮಾಡ್ಬೇಕಿತ್ರೀ” ಎಂದ. ಜ್ಯೋತಿ ಸೆರಗಿನಿಂದ ರಿಸೀವರ್ ಒರೆಸಿ, ತಾನೇ ನಂಬರು ಒತ್ತಿ ಅವನ ಕೈಗಿಟ್ಟಳು. ಎರಡು ಮಾತಿಗೆ ಲೈನು ಕಡಿಯಿತು.

“ಕೂತ್ಕೊಳ್ಳಿ. ಅವ್ರೇ ತಿರುಗಿ ಮಾಡ್ತಾರೆ” ಎಂದು ತನ್ನ ಸ್ಟೂಲನ್ನೇ ಅವನಿಗೆ ಬಿಟ್ಟುಕೊಟ್ಟಳು.

ಅಫ್ಜಲ್ ಬ್ಯಾಗಿನಿಂದ ಟೇಪ್‌ರೆಕಾರ್ಡರ್ ತೆಗೆದ. ನಿನ್ನೆಯ ಜಗಳ ಅವನ ಮಟ್ಟಿಗೆ ನಿನ್ನೆಯೇ ಮುಗಿದಿತ್ತು.

“ಜ್ಯೋತಿಯವ್ರೇ, ರಾತ್ರಿ ಯೋಚ್ನೆ ಮಾಡ್ದೆ. ಹಾಡು ಪೂರ್ತಿ ನಿಂತ್ಮೇಲೆ, ಕೊನೀಗೆ, ಖಾಲಿ ಜಾಗದಾಗೆ ನಿಮ್ ದನಿ ಬಂದ್ರೆ? ಬರೀ ನಿಮ್ ದನಿ ಇದ್ದ ಹಳೇ ಟೇಪು ಅಳಿಸಿಬಿಟ್ಟೀನಿ. ಒಂದ್ಸಲ ಅನ್ರೀ. ನೀವ್ ಅಂದಂಗೆ ಬ್ಯಾರೆ ಯಾರಿಗೂ ಅನ್ನಕ್ಕೆ ಬರಲ್ಲ.”

ಅವನು ನಿಜವನ್ನೇ ಹೇಳುತ್ತಿದ್ದ. ಅದು ಅವಳಿಗೂ ಗೊತ್ತಾಯಿತು. ಅವಳ ಕುತ್ತಿಗೆ ಕೆಂಪಾಗಿದ್ದು ಬಾಗಿಲಲ್ಲಿ ನಿಂತ ನನಗೂ ಕಂಡಿತು.

“ಅಳಿಸಿಬಿಟ್ರಾ?” ಎಂದಳು.

“ಹೂಂ ರೀ. ಅದಕ್ಕೇ ಕೇಳಿದ್ದು.”

ಅಷ್ಟರಲ್ಲಿ ಫೋನು ರಿಂಗಾಯಿತು. ಅಫ್ಜಲ್ ಗಡಿಬಿಡಿಯಿಂದ ಗುಂಡಿ ಒತ್ತಿ, ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದ. ಟೇಪು ತಿರುಗುತ್ತಿತ್ತು. ಜ್ಯೋತಿ ಅವಸರ ಮಾಡಲಿಲ್ಲ. ಇನ್ನೆರಡು ಸಲ ರಿಂಗಾಗಲು ಬಿಟ್ಟು, ರಿಸೀವರ್ ಎತ್ತಿಕೊಂಡು, ಅವನ ಮುಖವನ್ನೇ ನೋಡುತ್ತ ಬಾಯಿ ತೆರೆದಳು.

“ಹೇಳಿ” ಎಂದಳು.

ಆಮೇಲೆ ರಿಸೀವರನ್ನು ಸಂಗಮೇಶನಿಗೆ ಕೊಟ್ಟಳು.

ಬಸ್ಸು ಬಂದು ಹಾರ್ನ್ ಹಾಕುವವರೆಗೂ ಅಫ್ಜಲ್ ಟೇಪು ನಿಲ್ಲಿಸದೆ ಅಲ್ಲೇ ನಿಂತಿದ್ದ. ಆ ಬೂತು ಮುಚ್ಚುವವರೆಗೂ ಜ್ಯೋತಿ ಫೋನು ಎತ್ತಿ ಅಂದದ್ದು ಆ ಒಂದೇ ಮಾತು. ನಾನು ಬೇಕೆಂದೇ ತಂಗಿಯ ಮನೆಯಿಂದ ಫೋನು ಮಾಡಿ ನೋಡಿದ್ದೇನೆ. ನನಗೂ “ಹೇಳಿ” ಎಂದೇ ಅಂದಳು.