ಪಾಳಿ ಎಂಬ ಸಂಸ್ಥಾಪಕ

“ಅಯ್ಯ! ಇಂವ ಯಾವಾಗ ಕಟ್ಟಿದಾ ನಮ್ಮೂರು?”

ಫ್ಲೋರಾಬಾಯಿಯ ದನಿ ಅಮೆರಿಕದ ಬೆಲ್ವ್ಯೂ ಊರಿನ ಆ ಸಭಾಂಗಣದ ಇನ್ನೊಂದು ತುದಿಗೂ ಕೇಳಿಸಿತು. ಎದುರಿಗೆ, ಮೊಮ್ಮಗಳು ಸಿದ್ಧಪಡಿಸಿದ ಪ್ರದರ್ಶನದ ಆಳೆತ್ತರದ ಫಲಕ. ಅದರ ಮೇಲೆ ದಪ್ಪ ಮೀಸೆಯ ಗಂಡಸೊಬ್ಬ ನೀರಿನ ಪೈಪಿನ ಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತ ಹಳೆಯ ಫೋಟೋ. ಕೆಳಗೆ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ, ‘ಊರಿನ ಸಂಸ್ಥಾಪಕ, ಪಾಳಿ.’

“ಯಾಕೆ ಆಂಟಿ? ಪಾಳಿ ಅನ್ನೋರು ನಿಮ್ಮೂರಿನ ಯಜಮಾನರಲ್ವಾ?” ಎಂದಳು ಶಾರದಾ. ಎಜುಕೇಶನ್ ಹಿಲ್ ಬಡಾವಣೆಯಲ್ಲಿ ಪಕ್ಕದ ಮನೆಯವಳು. ಮುದುಕಿಯನ್ನು ಕಾರಿನಲ್ಲಿ ಕರೆತಂದವಳೂ ಅವಳೇ.

“ಪಾಳಿ ಅಂದ್ರ ಪಾಳೀನ ಯವ್ವಾ! ನಿಮ್ಮ ಕಡೆ ಸರದಿ ಅಂತೀರಲ್ಲ, ಅದು. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿಗೆ ನಮ್ಮಪ್ಪ ಮೊದಲ್ನೇ ಪಾಳಿ, ಎರಡ್ನೇ ಪಾಳಿ ಅಂತ ಹೋಗತಿದ್ದಾ. ಅದೇನು ಮನಷ್ಯಾನ ಹೆಸರು ಅನಕೊಂಡಿಯೇನು?”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಫ್ಲೋರಾಬಾಯಿ ಕನ್ನಡಕ ಸರಿಮಾಡಿಕೊಂಡು ಕೆಳಗಿನ ಸಾಲುಗಳನ್ನು ಓದಿದಳು. ಜಗಳವಾಡುತ್ತಿದ್ದ ವಲಸೆಗಾರರಿಗೆ ಪಾಳಿ ಶಿಸ್ತು ಕಲಿಸಿದನಂತೆ. ಪಾಳಿ ಇಲ್ಲದಿದ್ದರೆ ಊರೇ ಇರುತ್ತಿರಲಿಲ್ಲವಂತೆ. ನಗು ಅಲ್ಲಿಗೇ ನಿಂತಿತು.

1964ರಲ್ಲಿ ಹುಬ್ಬಳ್ಳಿ, ಬೆಳಗಾವಿ, ಮುಂಬೈ ಕಡೆಯ ಮೂವತ್ತೊಂದು ಯಹೂದಿ ಮನೆತನಗಳನ್ನು ಇಸ್ರೇಲಿನ ದಕ್ಷಿಣದ ಮರಳಿನಲ್ಲಿ ಲಾರಿಯಿಂದ ಇಳಿಸಿ, ಇದೇ ನಿಮ್ಮ ಊರು ಎಂದಿದ್ದರು. ಹೊಲ ಅವರವರದು, ನೀರು, ಟ್ರ್ಯಾಕ್ಟರು, ಮಾರಾಟ ಎಲ್ಲರದು. ಕೇಳಲಿಕ್ಕೆ ಚೆಂದ! ರೈಲು ಡಬ್ಬಿಗೆ ರಿವೆಟ್ ಬಡಿದ ಕೈಗಳಿಗೆ ಗುದ್ದಲಿ ಹಿಡಿಯುವುದು ಗೊತ್ತಿರಲಿಲ್ಲ. ಮೊದಲ ಬೇಸಿಗೆಯಲ್ಲೇ ಇದ್ದೊಂದು ಪೈಪಿಗಾಗಿ ತಲೆ ಒಡೆದುಕೊಳ್ಳುವಷ್ಟು ಜಗಳ ಹತ್ತಿತು. ಆಗ ಇಪ್ಪತ್ತೆರಡರ ಬಸುರಿ ಫ್ಲೋರಾ ಹೆಂಗಸರನ್ನೆಲ್ಲ ಸೇರಿಸಿ, ಉಗ್ರಾಣದ ಬಾಗಿಲ ಮೇಲೆ ಇದ್ದಿಲಿನಿಂದ ಪಾಳಿಯ ಪಟ್ಟಿ ಬರೆದಳು. ಬೆಳಕು ಹರಿದಾಗಿನಿಂದ ಮನೆಗೆ ಅರ್ಧ ಗಂಟೆ ನೀರು, ಒಂದೊಂದು ಮನೆಗೆ ಒಂದೊಂದು ಹೆಂಗಸಿನ ಹೆಸರು. ಗಂಡಸರು ನಕ್ಕರು. ವಾರದೊಳಗೆ ಅವರೂ ಆ ಬಾಗಿಲ ಮುಂದೆ ನಿಂತು ತಮ್ಮ ಮನೆಯ ಹೆಸರು ಹುಡುಕತೊಡಗಿದರು. ಮೂರನೆಯ ವರ್ಷ ಆ ಮರಳಿನಲ್ಲಿ ಬೆಳೆದ ಟೊಮೆಟೊ ಹಡಗು ಹತ್ತಿತು.

ಮನೆಮನೆಗೂ ಪೈಪು ಬಂದಮೇಲೆ ಪಾಳಿ ಎಂಬ ಮಾತು ಊರಿನ ಬಾಯಿಂದ ಹೋಯಿತು. ಸಭೆಯ ನಡಾವಳಿ ಪುಸ್ತಕದಲ್ಲಿ ಮಾತ್ರ ಹೀಬ್ರೂ ಅಕ್ಷರದಲ್ಲಿ ಉಳಿದಿತ್ತು: ‘ಪಾಳಿಯ ಮಾತೇ ಕೊನೆ.’ ‘ಪಾಳಿಯನ್ನು ಯಾರೂ ಮೀರಬಾರದು.’ ಇತಿಹಾಸ ಓದುತ್ತಿದ್ದ ಮೊಮ್ಮಗಳು ಮಾಯಾ ಅದನ್ನೇ ಓದಿದ್ದಳು. ಅಜ್ಜಿಗೆ ಅಚ್ಚರಿಯಾಗಲಿ ಎಂದು ಅವಳನ್ನು ಮಾತ್ರ ಏನೂ ಕೇಳಿರಲಿಲ್ಲ. ಈ ಫೋಟೋದ ಹಿಂದೆ ‘ಪಾಳಿ, ಸೋಮವಾರ’ ಎಂದು ಬರೆದಿದ್ದು ಸಿಕ್ಕಿತು. ಮುಗಿಯಿತಲ್ಲ, ನಾಯಕ ಹುಟ್ಟಿಬಿಟ್ಟ.

ಶಾರದಾ ವಿಷಯ ತಿಳಿಸಿದಾಗ ಮಾಯಾಳ ಮುಖ ಬಿಳುಚಿತು. “ಎಂಟು ತಿಂಗಳ ಕೆಲಸ, ಸಾವ್ತಾ,” ಎಂದಳು. ಅಜ್ಜಿಯನ್ನು ಅವಳು ಹೀಬ್ರೂವಿನಲ್ಲಿ ಕರೆಯುವುದೇ ಹಾಗೆ, ಉಳಿದದ್ದೆಲ್ಲ ಇಂಗ್ಲಿಷ್. “ಅಲ್ಲಿ, ನಿನ್ನ ಊರಿನ ಹೊಸ ಲೈಬ್ರರಿಗೆ ಅವನ ಹೆಸರಿಡುತ್ತಿದ್ದಾರೆ. ಇಪ್ಪತ್ತು ನಿಮಿಷದಲ್ಲಿ ಜನ ಬರುತ್ತಾರೆ. ನಾನೇನು ಹೇಳಲಿ ಅವರಿಗೆ?”

“ಇವತ್ತೊಂದಿನ ಬಿಟ್ಬಿಡಿ ಆಂಟಿ,” ಶಾರದಾ ಪಿಸುಗುಟ್ಟಿದಳು. “ಪಾಪ, ಅಳ್ತಿದಾಳೆ.”

ಫ್ಲೋರಾಬಾಯಿ ಮೊಮ್ಮಗಳ ಕೆನ್ನೆ ಒರೆಸಿದಳು. ಎತ್ತಿ ಆಡಿಸಿದ ಕೂಸು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆ ಪಟ್ಟಿಯ ಮೂವತ್ತೊಂದು ಹೆಂಗಸರಲ್ಲಿ ಬದುಕಿರುವವರು ನಾಲ್ಕೇ ಮಂದಿ. ಆದರೆ ಅವಳನ್ನು ಕೆರಳಿಸಿದ್ದೂ ಅದೇ. ಇವತ್ತು ಬಾಯಿ ಮುಚ್ಚಿಕೊಂಡರೆ ಇನ್ನು ಎಂದೆಂದಿಗೂ ಯಾರಿಗೂ ತಿಳಿಯುವುದಿಲ್ಲ.

ಹೀಬ್ರೂವಿನಲ್ಲಿ ಶುರುವಾದ ಮಾತು ಸಿಟ್ಟಿನಲ್ಲಿ ಹುಬ್ಬಳ್ಳಿ ಕನ್ನಡಕ್ಕೆ ಹೊರಳಿತು. ಶಾರದಾ ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು.

“ಈ ಮೀಸೀಯಾಂವ ಡೇವಿಡ್. ಪಾಳಿ ಮುರದು ನೀರು ಕದ್ದಾಂವ! ಆ ಸೋಮವಾರ ನಾವು ಏಳು ಮಂದಿ ಹೆಣ್ಮಕ್ಕಳು ಪೈಪಿನ ಮ್ಯಾಲೆ ಹೋಗಿ ಕೂತ್ವಿ. ಸಂಜೀತನಕ ಇವನ್ನ ನಿಂದರಿಸಿದ್ವಿ. ಅದಕ್ಕ ಹಂಗ ಸೊಂಟದ ಮ್ಯಾಲೆ ಕೈ ಇಟಗೊಂಡು ನಿಂತಾನ. ಫೋಟೋದಾಗ ನಮ್ಮನ್ನ ಕತ್ತರಿಸಿ ಒಗದಾರ. ಕೇಳಿಲ್ಲೆ ಮಾಯಾ, ನಮ್ಮೂರಿಗೆ ದೊರಿ ಇರಲಿಲ್ಲ. ಯಾರ ಹೆಸರು ಬಂತೋ ಆ ಅರ್ಧ ತಾಸು ಅಕಿನ ದೊರಿ. ಅದ ನನ್ನ ಜಂಭ. ಅದನ್ನ ಒಬ್ಬ ಕಳ್ಳನ ಕೈಯಾಗ ಕೊಡಬ್ಯಾಡ.”

ಮಾಯಾ ಮೂಗು ಒರೆಸಿಕೊಂಡಳು. “ಹಾಗಾದರೆ ಲೈಬ್ರರಿ?”

“ಪಾಳಿ ಅಂತನ ಇಡಲಿ. ಹೆಸರು ಬರೋಬ್ಬರಿ ಐತಿ. ಮೀಸಿ ತಗೀರಿ, ಅಷ್ಟ!”

ಕಣ್ಣೀರಿನಲ್ಲೇ ಹುಡುಗಿಗೆ ನಗು ಬಂತು. ಸುರುಳಿಯಿಂದ ಬಿಳಿ ಕಾಗದ ಎಳೆದು, ಫಲಕದ ನೆತ್ತಿಯಿಂದ ಬುಡದವರೆಗೆ ಅಂಟಿಸಿದಳು. ಡೇವಿಡ್ ಮೀಸೆ ಸಮೇತ ಮರೆಯಾದ. “ಆ ಪಟ್ಟಿ ನೆನಪಿದೆಯಾ, ಸಾವ್ತಾ?”

ನೆನಪು! ಫ್ಲೋರಾಬಾಯಿ ಕಣ್ಣು ಮುಚ್ಚಿಕೊಂಡು ಹೇಳತೊಡಗಿದಳು. ರಿಬೆಕಾ. ಹನ್ನಾಬಾಯಿ. ದೀನಾ. ಬೆಳಗಾವಿಯ ಮರಿಯಂ, ಮುಂಬೈಯ ಮರಿಯಂ. ಒಂದು ಹೆಸರಿಗೂ ತಡವರಿಸಲಿಲ್ಲ. ಜನ ಬರತೊಡಗಿದ್ದರು, ಒದ್ದೆ ಕೋಟು ಬಿಚ್ಚುವುದನ್ನೂ ಮರೆತು ನಿಂತು ಕೇಳಿದರು. ಮಾಯಾ ಬರೆದಂತೆಲ್ಲ ಹೆಸರುಗಳು ಕಾಗದದ ಮೇಲೆ ಎದೆಮಟ್ಟದಿಂದ ಸೊಂಟಕ್ಕೆ, ಸೊಂಟದಿಂದ ಮೊಣಕಾಲಿಗೆ ಇಳಿದವು.

“ಮೂವತ್ತಾಯ್ತು ಆಂಟಿ,” ಎಂದಳು ಶಾರದಾ. “ನಿಮ್ಮದೇ ಇಲ್ವಲ್ಲ!”

“ಕಡೀಗೆ ಬರೀಲಿ. ಅವತ್ತೂ ಕಡೀಗೇ ಇತ್ತು. ಪಟ್ಟಿ ಮಾಡಿದಾಕಿ ನಾನು. ನನ್ನ ಹೆಸರು ಮ್ಯಾಲೆ ಬರಕೊಂಡಿದ್ರ ನನ್ನ ಮಾತು ಯಾರು ಕೇಳತಿದ್ರು?”

ಕಾಗದ ನೆಲದ ಹತ್ತಿರ ಮುಗಿಯುತ್ತಿತ್ತು. ಮಾಯಾ ಹೊಸ ಉಡುಪಿನ ಪರಿವೆಯಿಲ್ಲದೆ ಮಂಡಿಯೂರಿದಳು. ಅಷ್ಟು ಜನರ ಕಾಲುಗಳ ನಡುವೆ ಕೆನ್ನೆ ನೆಲಕ್ಕೆ ತಾಗುವಷ್ಟು ಬಾಗಿ, ಉಳಿದಿದ್ದ ಬೆರಳಗಲದ ಜಾಗದಲ್ಲಿ ಆ ಹೆಸರನ್ನು ನಿಧಾನವಾಗಿ ಬರೆದಳು.