ಸೊಂಟದೆತ್ತರದ ಗೂಡು

"ಬೀಗಿತ್ತೀ, ಈ ಸಲ ಎಷ್ಟೆತ್ತರಕ್ಕೆ ಕಟ್ಟಿದಾವೆ?"

ಕಾಲುವೆಯಲ್ಲಿ ದೋಣಿ ನಿಲ್ಲಿಸಿಕೊಂಡು ಕಿಯೆಮ್ ಕೂಗಿದಾಗ ಥೋಮ್ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು ಮೀನು ಉಜ್ಜುತ್ತಿದ್ದಳು. ಅವಳ ಕೈ ಅಲ್ಲಿಗೇ ನಿಂತಿತು.

ಚಾಂದ್ರಮಾನದ ಐದನೇ ತಿಂಗಳು ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಲಾಯ್ ವುಂಗಿನ ಆ ಕಾಲುವೆಯ ಉದ್ದಕ್ಕೂ ಕಿತ್ತಳೆ ತೋಟಗಳಿದ್ದರೂ ಕಡಜಗಳು ವರ್ಷಾವರ್ಷ ತಪ್ಪದೆ ಗೂಡು ಕಟ್ಟುವುದು ಥೋಮ್‌ಳ ಹಿತ್ತಿಲ ಜಂಬುನೇರಳೆ ಮರದಲ್ಲಿ. ಗೂಡು ಎಷ್ಟು ಎತ್ತರವೋ ಒಂಬತ್ತನೇ ತಿಂಗಳ ನೆರೆಯೂ ಅಷ್ಟು ಜೋರು ಎಂದು ಅವಳ ಅತ್ತೆಯ ಕಾಲದಿಂದಲೂ ನಂಬಿಕೆ. ಹೊರಗಿನವರ ಕಣ್ಣು ಬಿದ್ದರೆ ಹುಳಗಳು ಗೂಡು ಬಿಟ್ಟು ಹೋಗುತ್ತವೆಂದು ಮನೆಯವರ ಹೊರತು ಬೇರೆ ಯಾರೂ ಆ ಮರದ ಹತ್ತಿರ ಸುಳಿಯುವುದಿಲ್ಲ. ಮನೆಯ ಯಜಮಾನಿ ಕೈಯಿಂದ ಎತ್ತರ ತೋರಿಸಬೇಕು, ಊರು ಅದನ್ನು ನಂಬಬೇಕು. ಅವಳು ತಲೆಯ ಮೇಲೆ ಕೈ ಎತ್ತಿದ ವರ್ಷ ಊರಿಗೆ ಊರೇ ಗುದ್ದಲಿ ಹಿಡಿದು ಒಡ್ಡಿಗೆ ಮಣ್ಣು ಹಾಕಿತ್ತು.

ಈ ವರ್ಷ ಆ ಮರದಲ್ಲಿ ಗೂಡೇ ಇರಲಿಲ್ಲ.

ಥೋಮ್ ಎದ್ದು ನಿಂತಳು. ಎತ್ತರದಲ್ಲಿದೆ ಅಂದರೆ ಬಾಳೆಗಿಡಗಳ ಮೇಲಿಂದ ಕಾಲುವೆಯಲ್ಲಿ ಹೋಗುವವರಿಗೂ ಕಾಣಬೇಕು, ತಗ್ಗಿನಲ್ಲಾದರೆ ಯಾರಿಗೂ ಕಾಣದು. ಮೀನಿನ ಪೊರೆ ಮೆತ್ತಿದ ಕೈಯನ್ನು ಚಾಚಿ ಸೊಂಟದ ಮಟ್ಟಕ್ಕೆ ಹಿಡಿದಳು.

"ಅಬ್ಬಾ, ಬದುಕಿದೆ!" ಕಿಯೆಮ್ ಹುಲ್ಲಿನ ಟೋಪಿ ತೆಗೆದು ಗಾಳಿ ಹಾಕಿಕೊಂಡ. "ಹಾಗಾದ್ರೆ ಒಡ್ಡಿನ ಕೆಲಸ ಮದುವೆ ಆದ್ಮೇಲೇ. ಒಂಟಿ ಗಂಡಸು ನಾನು, ಮದುವೆ ಮಾಡ್ಲೋ ಮಣ್ಣು ಹೊರ್ಲೋ?"

"ಮದುವೆನೇ ಮಾಡು ಮಾರಾಯ. ನನ್ನ ಸೊಸೆನ ಮೊದ್ಲು ಕಳಿಸು."

ನಕ್ಕಳು ಕೂಡ. ದೋಣಿ ತಿರುವು ದಾಟಿದ ಮೇಲೆ ಆ ಕೈಯನ್ನು ನೀರಿನಲ್ಲಿ ಅದ್ದಿ ಮತ್ತೆ ಮತ್ತೆ ತೊಳೆದಳು.

ಎರಡು ತಿಂಗಳ ಹಿಂದೆ ಅವಳು ಅಕ್ಕನ ಮನೆಗೆ, ಭಾವನ ತಿಥಿಗೆಂದು ಮೂರು ದಿನ ಹೋಗಿದ್ದಳು. ವಾಪಸು ಬಂದು ತೋಟಕ್ಕೆ ಕಾಲಿಟ್ಟವಳಿಗೆ ಮೊದಲು ಕಂಡದ್ದು ಬರಿದಾದ ದಾರಗಳು. ಮರದಿಂದ ಮರಕ್ಕೆ ಅವಳೇ ಕಟ್ಟಿದ್ದ ನೈಲಾನ್ ದಾರಗಳ ಮೇಲೆ ಕೆಂಪು ಚಗಳಿ ಇರುವೆಗಳು ಹಗಲೆಲ್ಲ ಓಡಾಡಿಕೊಂಡು ಕಿತ್ತಳೆ ಕಾಯುತ್ತಿದ್ದವು. ಈಗ ಒಂದೂ ಇಲ್ಲ. ಎಲೆ ಹೊಲಿದ ಗೂಡುಗಳು ಒಣಗಿ ಕೆಳಗೆ ಬಿದ್ದಿದ್ದವು. ಜಂಬುನೇರಳೆಯ ಬುಡದಲ್ಲಿ ಸತ್ತ ಕಡಜಗಳನ್ನು ಯಾರೋ ಗುಡಿಸಿ ಮಣ್ಣು ಎಳೆದಿದ್ದರು.

"ಏನು ಹೊಡೆದ್ಯೋ?" ಎಂದು ಮಗನನ್ನು ಕೇಳಿದಳು.

ದ್ವಾನ್ ಮುಖ ಎತ್ತಲಿಲ್ಲ. "ಚಿಗುರು ಸುರುಟ್ಕೊಳ್ತಾ ಇತ್ತಮ್ಮ. ಒಂದೇ ಸಲ ಔಷಧಿ ಹೊಡ್ದೆ."

"ಒಂದು ಸಲಕ್ಕೆ ಇಷ್ಟಾ?"

"ಸ್ವಲ್ಪ ಗಟ್ಟಿ ಕಲಸಿದ್ದೆ."

"ಹಾಳಾದೋನೆ! ಕಿಯೆಮನಿಗೆ ಗೊತ್ತಾದ್ರೆ?"

ಕಿಯೆಮನ ಹೆಂಡತಿ ಹನ್ನೆರಡು ವರ್ಷ ಬೆನ್ನಿಗೆ ಪಂಪು ಕಟ್ಟಿಕೊಂಡು ಊರಿನ ತೋಟಗಳಿಗೆಲ್ಲ ಔಷಧಿ ಹೊಡೆದವಳು. ಕೊನೆಗೆ ನಾಲಿಗೆಗೆ ಅನ್ನದ ರುಚಿ ಹತ್ತದೆ, ಹಗ್ಗದಂತೆ ಬತ್ತಿ ಸತ್ತಳು. ಅದಕ್ಕೆ ಇದೇ ಕಾರಣ ಎಂದು ವೈದ್ಯರು ಹೇಳಲಿಲ್ಲ, ಕಿಯೆಮನಿಗೆ ಯಾರೂ ಹೇಳಬೇಕಾಗಿಯೂ ಇರಲಿಲ್ಲ. ಔಷಧಿ ಹೊಡೆಯುವವನ ಮನೆಗೆ ಮಗಳನ್ನು ಕೊಡುವುದಿಲ್ಲ ಎಂದು ಅವಳ ತಿಥಿಯ ಊಟದಲ್ಲಿ ಎಲ್ಲರೆದುರು ಆಡಿದ್ದ. ಚಗಳಿ, ಕಡಜ ತುಂಬಿದ ಥೋಮ್‌ಳ ತೋಟ ನೋಡಿಯೇ ದ್ವಾನ್‌ಗೆ ಮಗಳು ಕ್ವೇನ್‌ಳನ್ನು ಕೊಡಲು ಒಪ್ಪಿದ್ದ. ಮೂವತ್ತು ದಾಟಿದ ಮಗನಿಗೆ ಇನ್ನೊಂದು ಸಂಬಂಧ ಬಂದೀತೆಂಬ ನಂಬಿಕೆ ಥೋಮ್‌ಗೆ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಹುಡುಗಿ ಎಂದರೆ ಅವಳಿಗೆ ಪ್ರಾಣ.

ಮಳೆಗಾಲವಿಡೀ ಅವಳು ತೋಟವನ್ನು ಓಲೈಸಿದಳು. ಕೊಂಬೆಗಳಿಗೆ ಕೋಳಿಕರುಳು ಕಟ್ಟಿದಳು, ತೆಂಗಿನ ಚಿಪ್ಪಿನಲ್ಲಿ ಸಕ್ಕರೆ ನೀರಿಟ್ಟಳು. ಕರುಳು ಕೊಳೆತು ನಾತ ಹೊಡೆಯಿತೇ ಹೊರತು ಒಂದು ಇರುವೆ ಮುಟ್ಟಲಿಲ್ಲ. ಒಂದು ದಿನ ಅಂಗಳದಲ್ಲಿ ಮೀನು ಒಣಗಿಸಿ, ಬೀಸಣಿಗೆ ಹಿಡಿದು ಕಾಯುತ್ತ ಕೂತಿದ್ದಳು. ಒಂದು ನೊಣವೂ ಬರಲಿಲ್ಲ. ಒಳ್ಳೆಯದೇ ಆಯ್ತು ಅಂದುಕೊಂಡಳು. ಆಮೇಲೆ ಬೀಸಣಿಗೆ ಅಲ್ಲೇ ಬಿಟ್ಟು ಒಳಗೆ ಎದ್ದು ಹೋದಳು. ಸಂಜೆಯ ಹೊತ್ತು ನೀರಿನ ಮೇಲೆ ಆಡುತ್ತಿದ್ದ ಏರೋಪ್ಲೇನ್ ಚಿಟ್ಟೆಗಳೂ ಇಲ್ಲ. ತೋಟ ಅಷ್ಟು ಸ್ತಬ್ಧವಾಗಿರುವುದನ್ನು ಅವಳು ಈ ಮನೆಗೆ ಬಂದಾಗಿನಿಂದ ಕಂಡಿರಲಿಲ್ಲ. ಎಲೆಗಳು ಮಾತ್ರ ಹಚ್ಚಗೆ ಹೊಳೆಯುತ್ತಿದ್ದವು.

ಎಂಟನೇ ತಿಂಗಳಲ್ಲಿ ದ್ವಾನ್ ಹೇಳದೆ ಕೇಳದೆ ತಮ್ಮ ಒಡ್ಡಿಗೆ ಮಣ್ಣು ಹಾಕತೊಡಗಿದ. ನೀರಿನ ಮುನ್ಸೂಚನೆ ಅವರ ಮನೆಗೂ ಇರಲಿಲ್ಲವಲ್ಲ, ಅವನಿಗೆ ಹೆದರಿಕೆ ಹುಟ್ಟಿತ್ತು. ಥೋಮ್ ಕಂಡೂ ಕಾಣದಂತಿದ್ದಳು. ಕಿಯೆಮ್ ದೋಣಿಯಿಂದಲೇ ಕೇಳಿದ: "ಏನಳಿಯಂದಿರೇ, ಕಡಜ ಸೊಂಟದೆತ್ತರ ಅಂದ್ರೆ ನೀವು ಎದೆಯೆತ್ತರ ಕಟ್ತಾ ಇದೀರಲ್ಲ?"

"ದಿಬ್ಬಣದೋರು ನಡ್ಕೊಂಡು ಬರ್ಬೇಕಲ್ಲ ಮಾವ, ಕಾಲಿಗೆ ಕೆಸರು ಹತ್ತದಿರ್ಲಿ ಅಂತ."

"ಭಲೆ! ಈಗ್ಲೇ ಹೆಂಡ್ತಿ ಕಡೆಯೋರ ಮೇಲೆ ಎಷ್ಟು ಕಾಳಜಿ ನೋಡು!" ಎಂದು ಕಿಯೆಮ್ ಮನಸಾರೆ ನಕ್ಕ.

ಮದುವೆ ಒಂಬತ್ತನೇ ತಿಂಗಳ ಇಪ್ಪತ್ತಕ್ಕೆ. ಹದಿಮೂರನೇ ದಿನ ಕಾಲುವೆಯ ನೀರಿಗೆ ಇಟ್ಟಿಗೆಯ ಬಣ್ಣ ಬಂತು, ಮೆಟ್ಟಿಲುಗಳು ಒಂದೊಂದಾಗಿ ಮುಳುಗಿದವು. ಹುಣ್ಣಿಮೆಗೆ ಇನ್ನೆರಡು ದಿನ. ಕಿಯೆಮನ ತೋಟ ಸುತ್ತಲಿನ ಎಲ್ಲ ತೋಟಗಳಿಗಿಂತ ತಗ್ಗು. ಅವನ ಮರಗಳಿಗೆ ಐದು ವರ್ಷ, ಹೊಸ ವರ್ಷದ ತೇತ್ ಹಬ್ಬಕ್ಕೆ ಕೀಳಬೇಕಾದ ಮೊದಲ ತುಂಬು ಫಸಲು ಕೊಂಬೆಗಳಲ್ಲಿ ತೂಗುತ್ತಿತ್ತು. ಕಿತ್ತಳೆಯ ಬೇರು ಮೂರು ದಿನ ನೀರಲ್ಲಿ ನಿಂತರೆ ಮರ ಹೋದಂತೆಯೇ. ಥೋಮ್ ಇವತ್ತು ಹೇಳಿಯೇ ಬಿಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿ, ತಲೆಗೆ ವಸ್ತ್ರ ಸುತ್ತಿಕೊಂಡು ಅವನ ಮನೆಗೆ ನಡೆದಳು.

ಅಂಗಳದಲ್ಲಿ ಕಿಯೆಮ್ ಎಳೆ ತೆಂಗಿನಗರಿ ಹೆಣೆದು ಮದುವೆಯ ಕಮಾನು ಕಟ್ಟುತ್ತಿದ್ದ. ಗರಿಯಲ್ಲಿ ಮಾಡಿದ ಜೋಡಿ ಹಕ್ಕಿಗಳಲ್ಲಿ ಒಂದಕ್ಕೆ ಇನ್ನೂ ಕೊಕ್ಕು ಇಟ್ಟಿರಲಿಲ್ಲ. ಪಕ್ಕದ ಕಿತ್ತಳೆ ಮರದ ಕಾಂಡದ ಮೇಲೆ ಅವನ ಚಗಳಿ ಇರುವೆಗಳು ಬಿಳಿಯ ಮೊಟ್ಟೆಗಳನ್ನು ಕಚ್ಚಿಕೊಂಡು ಸಾಲುಗಟ್ಟಿ ಮೇಲೆ ಹತ್ತುತ್ತಿದ್ದವು. ನೆರೆ ಬರುವ ಮುನ್ನ ಅವು ಮಾಡುವುದೇ ಹಾಗೆ ಎಂದು ಥೋಮ್‌ಗೆ ಗೊತ್ತಿತ್ತು.

"ಕಿಯೆಮ್, ಇರುವೆ ನೋಡ್ದ್ಯಾ? ಒಡ್ಡಿಗೆ ಇವತ್ತೇ ಒಂದಿಷ್ಟು ಮಣ್ಣು ಹಾಕು. ನಾನು, ದ್ವಾನ್ ಇಬ್ಬರೂ ಬರ್ತೀವಿ."

"ಮಳೆ ಬಂದ್ರೂ ಹತ್ತುತ್ವೆ ಬಿಡಕ್ಕ. ಇರುವೆ ಮಾತು ಕೇಳ್ಲೋ, ನಿನ್ನ ಮಾತು ಕೇಳ್ಲೋ? ಮೂವತ್ತು ವರ್ಷದಲ್ಲಿ ಒಂದ್ಸಲನಾದ್ರೂ ನಿನ್ನ ಕೈ ತಪ್ಪು ತೋರ್ಸಿದ್ಯಾ?"

"ಕಿಯೆಮ್, ಕೇಳು, ಆ ಗೂಡು..."

ಒಳಗಿನಿಂದ ಕ್ವೇನ್ ಚಹಾ ತಂದಳು. ಎರಡೂ ಕೈಯಿಂದ ಲೋಟ ಹಿಡಿದು, ಕಿವಿಯವರೆಗೆ ಕೆಂಪಾಗಿ, "ಕುಡೀರಿ ಅತ್ತೆ" ಅಂದಳು. ಇಷ್ಟು ದಿನ ದೊಡ್ಡಮ್ಮ ಎನ್ನುತ್ತಿದ್ದವಳು, ಅತ್ತೆ ಎಂದದ್ದು ಅದೇ ಮೊದಲು. ಕಿಯೆಮ್ ಗರಿ ಕೆಳಗಿಟ್ಟು ಕಣ್ಣೊರೆಸಿಕೊಂಡ. "ಇವಳಮ್ಮ ಇರ್ಬೇಕಿತ್ತು" ಅಂದ.

ಥೋಮ್ ಚಹಾ ಕುಡಿದಳು. ಇನ್ನೊಂದು ಲೋಟ ಕೊಟ್ಟರು, ಅದನ್ನೂ ಕುಡಿದಳು. ಗೂಡಿನ ವಿಷಯ ಎತ್ತಲೇ ಇಲ್ಲ. ವಾಪಸು ಬರುವಾಗ ತನ್ನ ಬಾಯಿಗೆ ತಾನೇ ಶಾಪ ಹಾಕಿಕೊಂಡಳು.

ಹುಣ್ಣಿಮೆಯ ಬೆಳಿಗ್ಗೆ, ಜನ ಗಂಜಿ ಕುಡಿಯುವ ಹೊತ್ತಿಗೆ, ನೀರು ಸದ್ದಿಲ್ಲದೆ ಕಿಯೆಮನ ಒಡ್ಡು ದಾಟಿತು. ಊರವರೆಲ್ಲ ಗುದ್ದಲಿ ಹಿಡಿದು ಓಡಿದರು, ಥೋಮ್ ಎಲ್ಲರಿಗಿಂತ ಮುಂದೆ. ಎದೆಮಟ್ಟದ ನೀರಿನಲ್ಲಿ ನಿಂತು ಬಾಚಿ ಬಾಚಿ ಕೆಸರು ಎತ್ತಿದಳು, ಉಗುರು ಕಿತ್ತು ಬಂದರೂ ಬಿಡಲಿಲ್ಲ. ಎತ್ತಿದ ಕೆಸರು ಗಂಜಿಯಂತೆ ಕರಗಿ ಹೋಗುತ್ತಿತ್ತು. ನಡು ಮಧ್ಯಾಹ್ನಕ್ಕೆ ಕಿಯೆಮ್ ತಾನೇ "ಸಾಕು ಬಿಡ್ರಪ್ಪ" ಅಂದ. ಯಾರನ್ನೂ ಬೈಯಲಿಲ್ಲ.

ಗೊತ್ತು ಮಾಡಿದ ದಿನ ತಪ್ಪಿಸುವಂತಿಲ್ಲ. ಇಪ್ಪತ್ತರಂದು ಮದುವೆ ನಡೆಯಿತು. ಮದುಮಗಳು ಕೆಂಪು ನಿಲುವಂಗಿ ತೊಟ್ಟು, ಅಪ್ಪನ ತೋಟದ ಮರಗಳ ನಡುವೆಯೇ ದೋಣಿಯಲ್ಲಿ ಬಂದಳು. ಮರಗಳು ಹಸಿರಾಗೇ ಇದ್ದವು. "ನೋಡು, ಏನೂ ಆಗ್ಲಿಲ್ಲ, ಒಳ್ಳೇ ಶಕುನ" ಎಂದರು ಪೇಟೆಯಿಂದ ಬಂದ ನೆಂಟರು. ತೋಟದವರು ಮಾತಾಡದೆ ಊಟ ಮಾಡಿದರು. ಕೊಳೆತ ಬೇರಿನ ಸುದ್ದಿ ಎಲೆಗೆ ಮುಟ್ಟಲು ಹದಿನೈದು ದಿನ ಬೇಕು ಎಂದು ಅವರಿಗೆ ಗೊತ್ತಿತ್ತು.

ಮದುವೆಯಾದ ಮೂರನೇ ದಿನ ಕಿಯೆಮ್ ಹಿತ್ತಿಲ ಕಡೆಯಿಂದ ದೋಣಿ ತಂದ. ಕೈಯಲ್ಲಿ ನೈಲಾನ್ ದಾರದ ಉಂಡೆ ಇತ್ತು. ಒಂದು ತುದಿಯನ್ನು ಹಿತ್ತಿಲಿಗೆ ಹತ್ತಿಕೊಂಡಿದ್ದ ತನ್ನ ತೋಟದ ಮರಕ್ಕೆ ಕಟ್ಟಿ, ದಾರ ಬಿಡುತ್ತ ಬಿಡುತ್ತ ಬಂದಿದ್ದ. ಒಂದು ವಾರದಲ್ಲಿ ಅವನ ಕೆನ್ನೆಯೆಲುಬು ಎದ್ದು ಬಂದಿತ್ತು.

"ಚಗಳಿ ಎಲ್ಲ ತುದಿಕೊಂಬೆ ಹತ್ತಿ ಕೂತಿದಾವೆ ಬೀಗಿತ್ತಿ. ಎಲೆ ಉದುರಿದ್ರೆ ಅವುಕ್ಕೂ ದಿಕ್ಕಿಲ್ಲ. ನಿನ್ನ ತೋಟದಲ್ಲಾದ್ರೂ ಬದುಕ್ಲಿ. ನಮ್ಮ ಹುಡುಗಿಗೂ ಅಮ್ಮನ ಮನೆ ಇರುವೆ ಅಂತ ಒಂದು ಇರುತ್ತೆ."

ಕ್ವೇನ್ ಬಾಳೆಗಿಡಗಳ ಸಂದಿಯಿಂದ ಓಡಿ ಬಂದು, ಈಗ ತಾನೂ ಈ ಮನೆಯವಳಲ್ಲವೇ ಎಂಬ ಸಲುಗೆಯಿಂದ ಜಂಬುನೇರಳೆ ಮರವನ್ನು ಸುತ್ತು ಹಾಕಿ ನೋಡಿದಳು. "ಇದೇ ಮರ ಅಲ್ವಾ ಅತ್ತೆ? ಗೂಡು ಎಲ್ಲಿತ್ತು? ಗುರುತೇ ಕಾಣಲ್ವಲ್ಲ."

ಹಿಂದೆ ದ್ವಾನ್ ಸೌದೆ ಒಡೆಯುತ್ತಿದ್ದ ಸದ್ದು ನಿಂತಿತು.

ಕಿಯೆಮ್ ಮಗಳ ಕಡೆ ನೋಡಲಿಲ್ಲ. ಮರದ ನುಣುಪು ತೊಗಟೆಯನ್ನು ಬುಡದಿಂದ ಮೇಲಿನವರೆಗೆ ಒಮ್ಮೆ ನೋಡಿ, ದಾರದ ತುದಿಯನ್ನು ಥೋಮ್‌ಳ ಕೈಗಿಟ್ಟ.

"ನೀನೇ ಕಟ್ಟಕ್ಕ," ಅಂದ. "ಆವತ್ತು ತೋರ್ಸಿದ್ಯಲ್ಲ, ಅಷ್ಟೇ ಎತ್ತರಕ್ಕೆ."

ಅವಳು ಬಗ್ಗಿ, ಸೊಂಟದ ಮಟ್ಟಕ್ಕೆ ದಾರ ಸುತ್ತಿದಳು. ಗಂಟು ಕೂಡಲಿಲ್ಲ, ಬಿಚ್ಚಿ ಮತ್ತೆ ಹಾಕಿದಳು. ಕಿಯೆಮ್ ದೋಣಿ ತಿರುಗಿಸಿಕೊಂಡು ಹೊರಟು ಹೋದ. ಸ್ವಲ್ಪ ಹೊತ್ತಿಗೆ ದಾರ ಸಣ್ಣಗೆ ನಡುಗಿತು. ಬಿಳಿಯ ಮೊಟ್ಟೆ ಕಚ್ಚಿಕೊಂಡ ಒಂದು ಚಗಳಿ ನೀರಿನ ಮೇಲಿಂದ ನಡೆದು ಬಂದು, ಗಂಟನ್ನು ಹಿಡಿದಿದ್ದ ಅವಳ ಬೆರಳ ಹತ್ತಿರ ನಿಂತಿತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಸಾಲು. ಮೊದಲನೆಯದು ಮೀಸೆ ಆಡಿಸಿ ನೋಡಿ, ಅವಳ ಬೆರಳಿನ ಮೇಲೆ ಹತ್ತಿತು. ಥೋಮ್ ಕೈ ತೆಗೆಯಲಿಲ್ಲ.